ಖಾಲಿ ತೂಕ

ಸರ್ವೀಸಿಗೆ ಬಂದ ಹುಡುಗ ಕೇಳಿದ:
‘ಇದನ್ನು ಹಿಡಿಯೋದು ಎಲ್ಲಿ ಕಲಿತಿರಿ ಮೇಡಂ?’
ಕೋಬಾಲ್, ಅಂದೆ.
ನಕ್ಕ. ಅವನ ಮುತ್ತಜ್ಜಿಯ ಹೆಸರು ಹೇಳಿದಂತೆ
ಕೇಳಿಸಿರಬೇಕು ಅವನಿಗೆ.

ಸಾಗರ ರಸ್ತೆ, ಎಪಿಎಂಸಿ ಎದುರಿನ ವೇಬ್ರಿಡ್ಜು.
ಹದಿನಾರು ವರ್ಷದಿಂದ ಈ ಗಾಜಿನ ಗೂಡಿನಲ್ಲಿ ಕೂತು
ಗಾಡಿ ತೂಗುತ್ತೇನೆ.
ಭರ್ತಿ ಬಂದಾಗ ಒಮ್ಮೆ, ಇಳಿಸಿ ಖಾಲಿ ಬಂದಾಗ ಇನ್ನೊಮ್ಮೆ,
ಕಳೆದರೆ ಉಳಿಯುವುದೇ ಮಾಲು.
ಇಷ್ಟಕ್ಕೆ ಡಿಗ್ರಿ ಬೇಕಿತ್ತೇ ಎಂದು
ಭಾವನವರು ಪ್ರತಿ ಯುಗಾದಿಗೂ ಕೇಳುತ್ತಾರೆ,
ಹೋಳಿಗೆ ಬಡಿಸುತ್ತೇನೆ.

ಎರಡು ಸಾವಿರದ ಒಂದು.
ಅರವತ್ತು ಮಂದಿಗೆ ಒಂಬತ್ತು ಕಂಪ್ಯೂಟರು.
ಲ್ಯಾಬಿನ ವೇಳೆಗೂ ಲೋಡ್ ಶೆಡ್ಡಿಂಗಿಗೂ
ಯಾವ ಜನ್ಮದ ನಂಟೋ, ಒಟ್ಟಿಗೇ ಬರುತ್ತಿದ್ದವು.
ಹಾಗಾಗಿ ಕೋಬಾಲನ್ನು ಕಲಿತದ್ದು ಕಾಗದದ ಮೇಲೆ.
ಎಂಟನೇ ಮನೆಯಿಂದ ಬರೆಯಬೇಕು, ಏಳರಿಂದಲ್ಲ.
ವಾಕ್ಯ ಮುಗಿದರೆ ಚುಕ್ಕೆ.
ಮರೆತರೆ ನಲವತ್ತು ತಪ್ಪು,
ಒಂದು ಮಾತಿಗೆ ಇಡೀ ಕೇರಿ ಮುನಿದ ಹಾಗೆ.

ನಾಲ್ಕು ಭಾಗ ಆ ಭಾಷೆಗೆ:
ನೀನು ಯಾರು, ಎಲ್ಲಿಯವನು,
ಹತ್ತಿರ ಏನೇನಿದೆ,
ಕೊನೆಗೆ, ಏನು ಮಾಡಲು ಹೊರಟೆ.
ರಿಪ್ಪನ್‌ಪೇಟೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು
ಕೇಳುವುದೂ ಇದೇ ಸಾಲಿನಲ್ಲಿ.

ವಾರಿಜಾಕ್ಷಿ ಮೇಡಂ ಬೆಂಚುಗಳ ನಡುವೆ ನಡೆಯುತ್ತ,
ಸೆರಗಿಗೆಲ್ಲ ಸೀಮೆಸುಣ್ಣ:
‘ಕರೆಂಟಿಲ್ಲ. ಈಗ ನೀವೇ ಮಷೀನು.
ಮಷೀನಿಗೆ ಬುದ್ಧಿಯಿಲ್ಲ, ನಿಮಗೂ ಸ್ವಲ್ಪ ಹೊತ್ತು ಬೇಡ.
ಬರೆದದ್ದನ್ನು ಓದಿ,
ಬರೆಯಬೇಕು ಅಂದ್ಕೊಂಡಿದ್ದನ್ನಲ್ಲ.’
ಬೆರಳಿಟ್ಟು ಸಾಲು ಸಾಲು ಇಳಿಯುವುದು,
ಅಂಚಿಗೆ ಪೆನ್ಸಿಲಿನಲ್ಲಿ ಆ ಗಳಿಗೆಯ ಬೆಲೆ,
ಹಳೆಯದನ್ನು ಹೊಡೆದು ಹೊಸದು.
ನನ್ನ ಭುಜದ ಮೇಲಿಂದ ಬಗ್ಗಿ,
‘ಇದರೊಳಗೆ ಮೊದಲು ಏನಿತ್ತು? ಸೊನ್ನೆ ಹಾಕಿದ್ದೀಯಾ?
ಸೊನ್ನೆ ಬಿಟ್ಟರೆ ಬಂಡಿ ಬಡಿ ಆಗುತ್ತೆ ಕಣೇ.’

ಹಾಕಿರಲಿಲ್ಲ.
ನೂರಕ್ಕೆ ಮೂವತ್ತೆಂಟು. ಪಾಸು.
ಆಮೇಲೆ ಯಾರೂ ಕೋಬಾಲ್ ಕೇಳಲಿಲ್ಲ ನನ್ನನ್ನು,
ಇಂಟರ್‌ವ್ಯೂನಲ್ಲೂ, ಮದುವೆಯ ಮಾತಿನಲ್ಲೂ.

ಹೋದ ಮಂಗಳವಾರ ಸೈಫುಲ್ಲಾನ ಗಾಡಿ, ಮೆಕ್ಕೆಜೋಳ.
ಮುನ್ನೂರ ಎಂಬತ್ತು ಕಿಲೋ ಕಮ್ಮಿ.
ಆರು ಚೀಲ ದಾರಿಯಲ್ಲೇ ಮಾರಿದೆ, ಅಂದರು ಮಂಡಿಯವರು.
ಅವನು ಕೂಗಾಡಲಿಲ್ಲ.
ಕೀಲಿಕೈ ತೆಗೆದು ನನ್ನ ಕಿಟಕಿಯ ಹಲಗೆಯ ಮೇಲಿಟ್ಟ:
‘ಅಕ್ಕ, ಗಾಡಿ ಇಟ್ಕೊಳ್ಳಿ. ಕಳ್ಳ ಅನ್ನಬೇಡಿ.’

ಈ ಪ್ರೋಗ್ರಾಮು ಯಾವ ಭಾಷೆಯದೋ ನಾನರಿಯೆ.
ಕೊಯಮತ್ತೂರಿನವರದು, ಒಳಗೆ ಇಣುಕಲೂ ಬಿಡದು.
ಬೆಳಗಿನ ಚೀಟಿಗಳನ್ನು ತೆಗೆದೆ. ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದೆ:
ನಂಬರು, ಭರ್ತಿ, ಖಾಲಿ, ಉಳಿಕೆ.
ಬೆರಳಿಟ್ಟೆ. ಬುದ್ಧಿಯನ್ನು ಪಕ್ಕಕ್ಕಿಟ್ಟೆ.

ಹನ್ನೊಂದು ಇಪ್ಪತ್ತಕ್ಕೆ ಕರೆಂಟು ಹೋಗಿತ್ತು.
ಅದಕ್ಕೆ ಮೊದಲು ಬಂದ ಲಾರಿ, ಖಾಲಿ:
ಮೂರು ಸಾವಿರದ ನೂರ ತೊಂಬತ್ತು.
ಸೈಫುಲ್ಲಾನ ಪುಟ್ಟ ಗಾಡಿ, ಖಾಲಿ:
ಮೂರು ಸಾವಿರದ ನೂರ ತೊಂಬತ್ತು.

ಇದರೊಳಗೆ ಮೊದಲು ಏನಿತ್ತು?
ಯಾರದೋ ಲಾರಿಯ ಭಾರ,
ಇಳಿದು ಹೋಗದೆ ಅಲ್ಲೇ ಕೂತು
ಹಿಂದೆ ಬಂದವನ ತಲೆಗೆ ಬಿದ್ದಿತ್ತು.

ಮತ್ತೆ ಹತ್ತಿಸು, ಅಂದೆ.
ಎರಡು ಸಾವಿರದ ಎಂಟುನೂರ ಹತ್ತು.
ಕೀಲಿಕೈ ತಗೊಂಡ. ಟೀ ಬೇಡವೆಂದ.
ಮಂಡಿಯವರು ತಪ್ಪಾಯಿತು ಅನ್ನಲಿಲ್ಲ,
ಆ ಒಂದು ಚುಕ್ಕೆ ಇನ್ನೂ ಬಾಕಿ.

ಹುಡುಗ ಏನೋ ಒತ್ತಿ ಸರಿಮಾಡಿ ಹೋದ.
ಏನು ಉಪಯೋಗಕ್ಕೆ ಬಂತು ಎಂದು ಅವನಿಗೆ ಬಿಡಿಸಿ ಹೇಳಬಹುದಿತ್ತು.
ಹೇಳಲಿಲ್ಲ, ನನ್ನ ತಲೆ ಬೇರೆಲ್ಲೋ ಇತ್ತು:

ಹೋದ ವರ್ಷ, ದಸರೆಗೆ ಮುಂಚೆ,
ಹಾಲಪ್ಪನ ಕೆಲಸ ಹೋದದ್ದೂ ನಾನು ಕೊಟ್ಟ ಚೀಟಿಯಿಂದಲೇ.
ಅಂದು ಕರೆಂಟಿತ್ತೇ?
ಬೀರುವಿನ ತಳದಿಂದ ಹಳೆಯ ಕಟ್ಟುಗಳನ್ನು ಇಳಿಸಿದ್ದೇನೆ.
ಸೆಪ್ಟೆಂಬರಿನ ದಾರ ಬಿಚ್ಚಿ,
ಮೊದಲ ಸಾಲಿನ ಮೇಲೆ ಬೆರಳು.