ಬಿಟ್ಟುಹೋಗುವ ವಸ್ತುಗಳ ಪಟ್ಟಿ

ಮನೆ ಮಾರಿಸುವ ಹುಡುಗ ಬಂದ. ಬೂದು ಸೂಟು, ಚೂಪು ಬೂಟು.
ಬೀದಿಯಾಚೆ ನಿಂತು ತಲೆ ವಾಲಿಸಿ ನೋಡಿ
"ಒಳಗೆಲ್ಲ ಚೆನ್ನಾಗಿದೆ, ಹೊರಗೆ ಮುಖವೇ ಇಲ್ಲವಲ್ಲ" ಅಂದ.
ಇಪ್ಪತ್ತೆರಡು ವರ್ಷ ಆ ಮುಖದೊಳಗಿಂದಲೇ
ಬೀದಿ ನೋಡುತ್ತಿದ್ದ ನನಗೆ
ನನ್ನನ್ನೇ ಅಂದಂತಾಯಿತು.

ಹ್ಯಾಲಿಫ್ಯಾಕ್ಸಿನ ಕಲ್ಲು. ಮಿಲ್ಲುಗಳ ಹೊಗೆ ಕುಡಿದು ಕಪ್ಪಾದದ್ದು,
ಮಿಲ್ಲು ಮುಚ್ಚಿದ ಮೇಲೂ ಚಟ ಬಿಡದವರ ಹಾಗೆ ಕಪ್ಪಗೇ ಉಳಿದದ್ದು.
ಉಜ್ಜಿದರೆ ಹೋಗದು, ಬಣ್ಣ ಬಳಿದರೆ ಬೀದಿ ನಗುತ್ತದೆ.
"ಕಿಟಕಿಗೊಂದು ಹೂವಿನ ತೊಟ್ಟಿ ಹಾಕಿ" ಅಂದ ಹುಡುಗ,
"ಎರಡು ಸಾವಿರ ಪೌಂಡು ಹೆಚ್ಚಿಗೆ ಬಂದೀತು."

ವಾರಿಜಾಕ್ಷ ಟೇಪು ಹಿಡಿದ. ಕಿಟಕಿ ನಾಲ್ಕಡಿ, ತೊಟ್ಟಿ ಮೂರೂಮುಕ್ಕಾಲು.
ಮುರಿದ ಕಪಾಟಿನ ಹಲಗೆ, ತಳಕ್ಕೆ ಐದು ತೂತು,
ಒಳಗೆ ಕಪ್ಪು ಪ್ಲಾಸ್ಟಿಕ್ಕು,
ಗೋಡೆಗೆ ಎರಡಲ್ಲ, ಮೂರು ಕಬ್ಬಿಣದ ಕೈ.
"ಒಣ ಮಣ್ಣಿನ ಲೆಕ್ಕ ಹಿಡಿಯಬೇಡ, ನೆನೆದ ಮಣ್ಣಿನದು ಹಿಡಿ.
ಈ ಊರಲ್ಲಿ ಒಣಗುವುದು ಯಾವಾಗ?"
ಡ್ರಿಲ್ಲು ಕೊರೆದಾಗ ಕಲ್ಲಿನೊಳಗಿಂದ ಉದುರಿತು
ಜೇನುಬಣ್ಣದ ಪುಡಿ.
ಇಷ್ಟು ವರ್ಷ ಹೊಗೆಯ ಕೆಳಗೆ ಇದಿತ್ತೆ?
ಬೆರಳಲ್ಲಿ ತೆಗೆದು ಮೂಸಿದೆ. ಗೀರಿದ ಬೆಂಕಿಕಡ್ಡಿಯ ವಾಸನೆ.

ಜೆರೇನಿಯಂ ಆರು, ಪೆಟುನಿಯಾ ನಾಲ್ಕು,
ಅಂಚಿನಿಂದ ಇಳಿಬೀಳಲಿ ಅಂತ ಲೊಬೇಲಿಯಾ.
ನಡುವೆ ಖಾಲಿ ಕಂಡಲ್ಲಿ
ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ಚೆಲ್ಲಿದೆ.
ಹೂಗಿಡಗಳು ಹೊಸ ಜಾಗದ ನೆಂಟರ ಹಾಗೆ
ಮುದುಡಿ ಕೂತಿರುವಾಗಲೇ, ಎಂಟನೇ ದಿನಕ್ಕೆ,
ಮೆಂತ್ಯ ಎದ್ದು ನಿಂತಿತು,
ಬೀಜದ ಟೊಪ್ಪಿ ಇನ್ನೂ ತಲೆಯ ಮೇಲೇ.

ಜೂನ್ ಬಂತು. ಆಗ ತಿಳಿಯಿತು ಮೋಸ.
ಹೂವಿಗೆ ಬಿಸಿಲು ಬೇಕು, ಬಿಸಿಲಿರುವುದು ಬೀದಿಯಲ್ಲಿ.
ಅರಳಿದ್ದೆಲ್ಲ ಆಚೆ ತಿರುಗಿಯೇ ಅರಳಿತು.
ಒಳಗೆ ಚಹಾ ಹಿಡಿದು ಕೂತವಳಿಗೆ ಕಂಡದ್ದು
ಕಾಂಡ, ಎಲೆಯ ಬೆನ್ನು, ಒಂದು ಬಸವನಹುಳು,
ಹಲಗೆಯ ಮೇಲೆ ವಾರಿಜಾಕ್ಷ ಪೆನ್ಸಿಲಿನಲ್ಲಿ ಗೀಚಿದ ಅಳತೆ.

ಎದುರುಮನೆಯ ಡೋರೀನ್ ಗ್ರೀನ್‌ವುಡ್,
ಮೊಣಕಾಲು ಬದಲಿಸಿಕೊಂಡು ಕುರ್ಚಿಗೇ ಅಂಟಿದವಳು,
ಗಾಜಿನ ಹಿಂದಿನಿಂದ ಬೆರಳೆತ್ತಿ ಲೆಕ್ಕ ಹೇಳತೊಡಗಿದಳು:
ಇವತ್ತು ಏಳು. ಇವತ್ತು ಒಂಬತ್ತು.
ಹತ್ತು ಬೆರಳು ಮುಗಿದ ದಿನ ಚಮಚ ಎತ್ತಿದಳು.
ಇಷ್ಟು ವರ್ಷ "ಮಳೆ", "ಹೌದು, ಮಳೆ" ಅಷ್ಟರಲ್ಲೇ ಇದ್ದೆವು ನಾವು.
ಒಮ್ಮೆ ಕಿಟಕಿ ತೆರೆದು ಕೂಗಿದಳು,
ಆ ಹಸಿರು ಕಳೆ ಯಾವುದು, ಕಿತ್ತುಹಾಕು ಮಾರಾಯ್ತಿ ಎನ್ನುವ ದನಿಯಲ್ಲಿ.
ಮೆಂತ್ಯದ ಚಪಾತಿ ಎರಡು ಕಾಗದದಲ್ಲಿ ಸುತ್ತಿ ಕೊಟ್ಟುಬಂದೆ.
ಮರುದಿನದಿಂದ ಕಳೆಯನ್ನೂ ಎಣಿಸಿದಳು.

ಮನೆ ಮಾರಿತು. ಎರಡು ಸಾವಿರ ಹೆಚ್ಚಿಗೆ ಬರಲಿಲ್ಲ;
ಬಾಯ್ಲರು ಹಳೆಯದೆಂದು ಏಳುನೂರು ಮುರಿದುಕೊಂಡರು.
ವಕೀಲರ ಕಚೇರಿಯಿಂದ ಪಟ್ಟಿ ಬಂತು:
ಪರದೆಯ ಸರಳು, ಬಿಡುತ್ತೀರೋ ಒಯ್ಯುತ್ತೀರೋ?
ಓವನ್ನು? ಬಾಗಿಲ ಗಂಟೆ? ಬಲ್ಬುಗಳು?
ಕೊನೆಯ ಖಾಲಿ ಗೆರೆಯಲ್ಲಿ ಯಾರೋ ಕೈಯಲ್ಲಿ ಬರೆದಿದ್ದರು:
ಹೂವಿನ ತೊಟ್ಟಿ.
ಪೆನ್ನು ಅಲ್ಲಿ ನಿಂತಿತು.
ಒಯ್ಯೋಣವೆಂದರೆ ನನ್ನ ಪಾಲಿಗೆ ಬಂದದ್ದು ಅದರ ಬೆನ್ನು.
ಮುಖ ಇರುವುದು ಡೋರೀನಳ ಕಿಟಕಿಯಲ್ಲಿ.
"ಬಿಡುತ್ತೇವೆ" ಅನ್ನುವ ಚೌಕಕ್ಕೆ ಗೀಟು ಹಾಕಿದೆ.

ಆಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ
ಮೆಂತ್ಯವನ್ನು ಮಾತ್ರ ಬುಡಸಮೇತ ಕಿತ್ತೆ.
ಅದು ಪಟ್ಟಿಯಲ್ಲಿರಲಿಲ್ಲ.
ಎದುರಿನ ಗಾಜಿನಲ್ಲಿ ಡೋರೀನ್
ಬೆರಳು ಮಡಿಸುತ್ತಿದ್ದಳು, ಒಂದೊಂದಾಗಿ.

ರಾತ್ರಿ ತೊವ್ವೆಗೆ ಹಾಕಿದೆ.
ಸ್ವಲ್ಪ ಕಹಿ. ಕೊಯ್ಯುವುದು ತಡವಾಗಿತ್ತು.