ದೀಪ ದೊಡ್ಡದು ಮಾಡು

ಹ್ಯಾಲಿಫ್ಯಾಕ್ಸಿನ ಏರುಬೀದಿ. ನವೆಂಬರ್. ನಾಲ್ಕೂವರೆಗೇ ಕತ್ತಲು.
ಹೆಗಲಿಗೆ ಹೆಗಲು ಕೊಟ್ಟು ನಿಂತ ಕಲ್ಲುಮನೆಗಳ ಸಾಲು.
ನನ್ನ ಚೀಲದಲ್ಲಿ ಬಾಗಿಲ ಸಂದಿಗೆ ಅಂಟಿಸುವ ಪಟ್ಟಿ,
ರೇಡಿಯೇಟರಿನ ಬೆನ್ನಿಗೆ ಬೆಳ್ಳಿಹಾಳೆ, ಆರು ಎಲ್‌ಇಡಿ ಬಲ್ಬು.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಭೂಮಿ ಕಾಯುವ ಮಾತೆತ್ತಬೇಡಿ, ಬಾಗಿಲು ಹಾಕಿಕೊಳ್ಳುತ್ತಾರೆ.
ಪಕ್ಕದ ಮನೆಯವರು ನಿಮಗಿಂತ ಕಡಿಮೆ ಉರಿಸುತ್ತಾರೆ ಅನ್ನಿ, ಸಾಕು.
ಸಾಕಾಯಿತು. ನಲವತ್ತೈದನೇ ನಂಬರಿನ ಗ್ಯಾರೆತ್
ಪಕ್ಕದ ಗೋಡೆಯನ್ನು ದುರುಗುಟ್ಟಿ ನೋಡಿ
ಎದ್ದು ಹೋಗಿ ಟಿವಿಯ ಕೆಂಪು ಚುಕ್ಕಿ ಆರಿಸಿದ.

ಈ ‘ಆರಿಸು’ ನನಗೆ ಕನ್ನಡದಲ್ಲಿ ಬಾಯಿಗೆ ಬರುವುದಿಲ್ಲ.
ಹರಿಹರದ ದೊಡ್ಡಮ್ಮ ಆ ಮಾತು ಆಡಿದವಳಲ್ಲ,
ದೀಪ ದೊಡ್ಡದು ಮಾಡು ಅನ್ನುವಳು,
ಹೂವಿನ ತೊಟ್ಟಿನಿಂದ ಬತ್ತಿ ಎಣ್ಣೆಗೆಳೆದು ಮಲಗುವಳು.
ಇಲ್ಲೇ ಹುಟ್ಟಿದ ನನ್ನ ಮಗಳು ಇಂಚರಳಿಗೆ
ಒಂದು ರಾತ್ರಿ ಹಾಗೇ ಅಂದುಬಿಟ್ಟೆ.
ಸ್ಟೂಲು ಎಳೆದುಕೊಂಡು ಹೋಗಿ ಮನೆಯ ಸ್ವಿಚ್ಚನ್ನೆಲ್ಲ ಒತ್ತಿದಳು.
ಅಡುಗೆಮನೆಯ ಮೀಟರು ಹಸಿರಿನಿಂದ ಕೆಂಪಿಗೆ ಹಾರಿತು,
ಅವಳು ಚಪ್ಪಾಳೆ ತಟ್ಟಿದಳು.

ನಲವತ್ತೇಳು. ಎಡ್ನಾ ಹೋಲ್ಡ್ಸ್‌ವರ್ತ್, ಎಂಬತ್ತೊಂದು.
ಕೋಟಿನ ಗುಂಡಿ ಗದ್ದದವರೆಗೆ. ಮಾತಿನ ಜೊತೆ ಬಾಯಿಂದ ಹಬೆ.
ಬೆಳಿಗ್ಗೆ ಒಮ್ಮೆ ಕಾಯಿಸಿದ ನೀರು ಫ್ಲಾಸ್ಕಿನಲ್ಲಿ, ಅದೇ ರಾತ್ರಿಗೂ.
‘ನಮ್ಮ ಬೀದಿಗೇ ಕಡಿಮೆ ನಂದು, ನೋಡು ಲವ್’ ಅಂದಳು,
ಫ್ರಿಜ್ಜಿನ ಮೇಲೆ ಆಯಸ್ಕಾಂತ ಕಚ್ಚಿಸಿದ
ಕಂಪನಿಯ ಕಾಗದ. ಅದರಲ್ಲೊಂದು ನಗುಮುಖ.
ಫ್ರಿಜ್ಜಿಗೆ ಕರೆಂಟಿರಲಿಲ್ಲ. ತೆರೆದರೆ
ಒಳಗೆ ಹಳೆಯ ಉಣ್ಣೆ, ಗಂಡನ ಬೌಲಿಂಗ್ ಕ್ಲಬ್ಬಿನ ಕಪ್ಪು.
ಹಾಲಿನ ಬಾಟಲಿ ಕಿಟಕಿಯ ಹೊರಗಿನ ಕಟ್ಟೆಯಲ್ಲಿ.

ಬೀದಿಯುದ್ದಕ್ಕೂ ನಾನು ಹೊಗಳಿಕೊಂಡು ಬಂದ
ಆ ಪಕ್ಕದ ಮನೆ ಇದು.

ಫಾರಮ್ಮಿನಲ್ಲಿ ಒಂದು ಕಲಮು: ಇನ್ನೆಷ್ಟು ಉಳಿಸಬಹುದು?
ಉಳಿಸುವುದಕ್ಕೆ ಅಲ್ಲಿ ಉಳಿದದ್ದು ಅವಳೊಬ್ಬಳು.
ಪೆನ್ನು ಜೇಬಿಗಿಟ್ಟು ಮಂಡಿಯೂರಿದೆ.
ರೇಡಿಯೇಟರಿನ ತಿರುಪು ತುಕ್ಕು ಹಿಡಿದು ಕೂತಿತ್ತು,
ಇಕ್ಕಳದಿಂದ ಹಿಡಿದು ತಿರುಗಿಸುವಾಗ
ನನಗೆ ತಿಳಿಯದೆ ಕನ್ನಡ ಬಂತು: ದೊಡ್ಡದು ಮಾಡೋಣ, ತಾಳಿ.
‘ಏನಂದೆ?’ ಅಂದಳು.
ಒಳಗೆಲ್ಲೋ ಕೊಳವೆ ಎರಡು ಸಲ ಕೆಮ್ಮಿತು.
ಬಿಲ್ಲಿನ ನೆರವಿಗೆ ಅರ್ಜಿ ತುಂಬಿದೆವು. ತಂದವಳು ತಂದಿದ್ದೆ,
ಬಾಗಿಲ ಪಟ್ಟಿಯನ್ನೂ ಅಂಟಿಸಿದೆ.

ಹೊರಗೆ ಗ್ಯಾರೆತ್ ಕಾದಿದ್ದ, ಚಪ್ಪಲಿಯಲ್ಲಿ.
‘ಎಷ್ಟಂತೆ ಅವಳದು? ನಾಲ್ಕು ವಾರದಲ್ಲಿ ಹಿಂದೆ ಹಾಕ್ತೀನಿ.’
ಬೇಡ, ಅಂದೆ. ಅವಳ ಕೋಣೆ ಎಂಟು ಡಿಗ್ರಿ, ನಿಮ್ಮ ಬೆನ್ನ ಹಿಂದೇ.

ಸ್ವಲ್ಪ ಹೊತ್ತು ಅವನು ಏನೂ ಅನ್ನಲಿಲ್ಲ.
ಒಳಗೆ ಹೋಗಿ, ಟಿವಿಯ ಪಕ್ಕದಲ್ಲಿ,
ಗೋಡೆಗೆ ಅಂಗೈ ಇಟ್ಟು ನೋಡಿದ.