ಅರ್ಥದ ಕಾಲಮ್ಮು

ಅರ್ಜಿಯಲ್ಲಿ ಒಂದು ಕಾಲಮ್ಮು, ಪದದ ಅರ್ಥ ಬರೆಯಲಿಕ್ಕೆ.
ಹೆಸರು: ಸಾರಂಗ್ ಛಾಪ್. ಸರಕು: ಹಗ್ಗ.
ಅರ್ಥ: ಜಿಂಕೆ, ಎಂದು ಬರೆದೆ.
ಅಂಕೋಲೆಯ ಶಾಲೆಯಲ್ಲಿ ಕಲಿತದ್ದು, ಪರಾಂಬರಿಸುವ ಗೋಜಿಗೆ ಹೋಗಲಿಲ್ಲ.
ಫೋರ್ಟಿನ ಆಫೀಸಿನಲ್ಲಿ ಆ ದಿನ ಅರ್ಜಿ ಹನ್ನೊಂದು,
ನನ್ನ ಲೋಕಲ್ಲು ಒಂದೇ.

ನಾಲ್ಕು ತಿಂಗಳಿಗೆ ಅಂಟಾಪ್ ಹಿಲ್ಲಿನಿಂದ ಕಾಗದ ಬಂತು:
ಈ ವರ್ಗದಲ್ಲಿ ಆಗಲೇ ಒಂದು ಜಿಂಕೆಯಿದೆ,
ಭಿವಂಡಿಯ ಸುತಳಿ ಉಂಡೆಯ ಮೇಲೆ ನೆಗೆಯುತ್ತಿದೆ.
ನಿಮ್ಮದೂ ಅದೂ ಮೋಸ ಹೋಗುವಷ್ಟು ಒಂದೇ ಥರ.

ಕಾಗದ ಹಿಡಿದು ದಾರೂಖಾನೆಗೆ ಹೋದೆ.
ಒಡೆದ ಹಡಗುಗಳ ಸರಪಳಿ, ಲಂಗರು, ಕಮೋಡು ದಾಟಿ
ಝುಬೇದಾ ಪರ್ಕಾರರ ಅಂಗಡಿ.
ಅವರು ಎರಡು ಸಲ ಓದಿದರು. ನಗಲಿಲ್ಲ.
“ಈ ಜಿಂಕೆ ಯಾರು?”

ಗೋಡೆಯ ಫೋಟೊದಲ್ಲಿ ಅಜ್ಜ,
ಕೊರಳಲ್ಲಿ ಬೆಳ್ಳಿಯ ಸೀಟಿ.
“ಸಾರಂಗ್ ಅಂದರೆ ಇವರು. ಖಲಾಸಿಗಳ ಮೇಸ್ತ್ರಿ.
ಕಪ್ತಾನ ಇಂಗ್ಲಿಷಿನಲ್ಲಿ ಕೂಗಿದ್ದನ್ನು
ಒಂದೇ ಊದಿಗೆ ಮೂವತ್ತು ಜನರ ಕೈಗೆ ಮುಟ್ಟಿಸುತ್ತಿದ್ದರು.”

ನಮ್ಮ ವಕೀಲೆ ದಿನ್‌ಶಾ ಬಾಯಿ ಹೇಳುತ್ತಾರೆ,
ಎರಡು ಗುರುತು ಪಕ್ಕಪಕ್ಕ ಇಟ್ಟು ತೂಗಕೂಡದಂತೆ.
ಕಾನೂನು ನೋಡುವುದು ಗಿರಾಕಿಯ ಕಣ್ಣಿಂದ:
ಸಾಧಾರಣ ಬುದ್ಧಿ, ಅರೆ ನೆನಪು.
ಎಂದೋ ಒಮ್ಮೆ ಕೊಂಡವನು, ಮರೆತವನು,
ಮತ್ತೆ ಬಂದು ಅದರಂಥದಕ್ಕೆ ಕೈ ಚಾಚುವವನು.

ಆ ಗಿರಾಕಿಯನ್ನು ನಾನು ಬಲ್ಲೆ.
ರೇ ರೋಡಿನ ಪ್ಲಾಟ್‌ಫಾರಮ್ಮಿನಲ್ಲಿ, ವಡೆ ಬಾಯಲ್ಲಿರುವಾಗಲೇ,
ಅವನಿಗೆ ನೆನಪಾಯಿತು:
ಬೇಲೆಕೇರಿಯ ದಕ್ಕೆ, ವಯಸ್ಸು ಆರೋ ಏಳೋ.
ಯಾರೋ ಅಂದರು, ಸಾರಂಗ ಬಂದ.
ದೊಡ್ಡವರ ಕಾಲುಗಳ ಸಂದಿಯಿಂದ ನೋಡುತ್ತ ನಿಂತಿದ್ದೆ,
ಲಾಂಚಿನಿಂದ ಕೊಂಬು ಇಳಿಯುತ್ತದೆಂದು.
ಇಳಿದದ್ದು ಒಬ್ಬ ಕುಳ್ಳ ಮುದುಕ,
ಕೈಯಲ್ಲಿ ಟ್ರಂಕು.
ಜಿಂಕೆ ಇನ್ನೂ ಒಳಗೇ ಇದೆ ಅಂದುಕೊಂಡೆ.
ಲಾಂಚು ತಿರುಗಿ ಹೋಯಿತು.

ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ಶುಲ್ಕ.
ಶುಲ್ಕ ನನ್ನ ಸಂಬಳದಿಂದ.
ಕಾಲಮ್ಮು ಮಾತ್ರ ಅದೇ ಎರಡು ಇಂಚು;
ಸೀಟಿ ಹಿಡಿಸುವುದಿಲ್ಲ, ಮೂವತ್ತು ಕೈ ಹಿಡಿಸುವುದಿಲ್ಲ.
ಬರೆದೆ: ಹಡಗಿನ ಹಳೆಯ ಹುದ್ದೆ.

ವಿಚಾರಣೆಯ ತಾರೀಖು ಬಂದಿಲ್ಲ.
ಬರಿಯ ಕೈಲಿ ಕಳಿಸಬಾರದೆಂದು ಝುಬೇದಾಬಾಯಿ
ಎಂಟು ಮೊಳ ಹಗ್ಗ ಕತ್ತರಿಸಿ ಕೊಟ್ಟಿದ್ದರು.
ಬಾಲ್ಕನಿಯಲ್ಲಿ ನನ್ನ ಆಫೀಸಿನ ಅಂಗಿಗಳನ್ನು ಹೊತ್ತಿದೆ.
ಅದರ ಮೇಲೆ ಯಾವ ಚೀಟಿಯೂ ಇಲ್ಲ.